ಹಾಸಿಗೆ ಅಂಗಡಿಗೆ ಬಂದ ಸಲಹೆಗಾರ

ಕತ್ತರಿಯಕ್ಕನಿಗೆ ಆ ಹೆಸರು ಬಂದದ್ದು ಹೊಲಿಗೆಯಿಂದಲ್ಲ. ಸೂಜಿಗೆ ದಾರ ಪೋಣಿಸಲೂ ಬಾರದ ಹೆಂಗಸು ಅವಳು. ಜಾಹೀರಾತು ಕಂಪನಿಯಲ್ಲಿ ಟೈಪಿಸ್ಟ್ ಆಗಿ ಸೇರಿದ ಹೊಸದರಲ್ಲಿ, ದೊಡ್ಡ ಸಾಹೇಬರು ಬರೆದುಕೊಟ್ಟ ಸೋಪಿನ ಜಾಹೀರಾತನ್ನು ಟೈಪ್ ಮಾಡುತ್ತ ಮಾಡುತ್ತ ಬೇಜಾರು ಬಂದು, ಅರ್ಧಕ್ಕರ್ಧ ಮಾತುಗಳನ್ನು ಹಾರಿಸಿಬಿಟ್ಟಿದ್ದಳು. ಇವಳನ್ನು ಇವತ್ತು ಮನೆಗೆ ಕಳಿಸುತ್ತಾರೆ ಎಂದು ಕಚೇರಿಯವರೆಲ್ಲ ಕೆಲಸ ಬಿಟ್ಟು ಕಾದರು. ಸಾಹೇಬರು ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಓದಿದರು, ಹಾಗೆಯೇ ಅಚ್ಚಿಗೆ ಕಳಿಸಿದರು. ಸೋಪು ಚೆನ್ನಾಗಿ ಖರ್ಚಾಯಿತು. ಅಲ್ಲಿಂದ ಮುಂದೆ ಆ ಕಂಪನಿಯಲ್ಲಿ ಯಾರು ಏನು ಬರೆದರೂ ಕೊನೆಗೆ ಅವಳ ಮೇಜಿಗೆ ಬರುತ್ತಿತ್ತು, ಬಂದದ್ದಕ್ಕಿಂತ ಸಣ್ಣದಾಗಿ ಹೊರಡುತ್ತಿತ್ತು.

ಇಡೀ ಉದ್ಯೋಗಕಾಲವನ್ನು ಹೀಗೆ ಬೇರೆಯವರ ಬಾಯಿ ಮುಚ್ಚಿಸುವುದರಲ್ಲೇ ಕಳೆದು ನಿವೃತ್ತಳಾದಳು. ಮದುವೆ ಎನ್ನುವುದೂ ಒಂದು ಜಾಹೀರಾತೇ, ಅದರಲ್ಲಿ ಹೇಳಿದಷ್ಟು ಸಾಮಾನು ಪೊಟ್ಟಣದಲ್ಲಿ ಇರುವುದಿಲ್ಲ ಎಂದು ಆ ಉಸಾಬರಿಗೆ ಹೋಗಿರಲಿಲ್ಲ. ಅಣ್ಣನ ಮನೆಯ ಮಹಡಿಯ ಮೇಲೆ ಅವಳ ವಾಸ, ಊಟ ಕೆಳಗೆ. ಸುಮ್ಮನೆ ಕೂರುವ ಜೀವವಲ್ಲವಾದ್ದರಿಂದ, ಮನೆಮಂದಿಯೇ ನಡೆಸುವ ಅಂಗಡಿ ಮುಂಗಟ್ಟುಗಳಿಗೆ ವ್ಯಾಪಾರ ಹೆಚ್ಚಿಸುವ ಸಲಹೆ ಕೊಡುವ ಕೆಲಸ ಹಚ್ಚಿಕೊಂಡಳು. ಬೇಕರಿಯ ಅಣ್ಣತಮ್ಮಂದಿರು, ಕನ್ನಡಕದ ಅಂಗಡಿಯ ಗಂಡಹೆಂಡತಿ, ಬೀಗದ ಅಂಗಡಿಯ ಮಾವ ಅಳಿಯ, ಹೀಗೆ ಯಾರಾದರೊಬ್ಬರು ಮಹಡಿ ಮೆಟ್ಟಿಲು ಹತ್ತುತ್ತಲೇ ಇದ್ದರು.

ಅವಳ ಮುಂದಿನ ಕೋಣೆಯಲ್ಲಿ ಬಂದವರಿಗೆಂದು ಒಂದೇ ಒಂದು ಕುರ್ಚಿ. ಬಡತನಕ್ಕಲ್ಲ, ಬೇಕೆಂದೇ. ನಾಲ್ಕು ಜನ ಬಂದರೆ ಕೂರುವವರು ಯಾರು ಎಂದು ನೋಡುತ್ತಿದ್ದಳು. ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎನ್ನುವುದು ಅಷ್ಟರಲ್ಲೇ ಗೊತ್ತಾಗುತ್ತಿತ್ತು. ಅದಾದ ಮೇಲೆ ಕೂತವರನ್ನು ಬಿಟ್ಟು, ಗೋಡೆಗೆ ಒರಗಿ ನಿಂತವರನ್ನು ಮಾತಾಡಿಸುತ್ತಿದ್ದಳು. ಅಂಗಡಿಯ ನಿಜವಾದ ಸುದ್ದಿ ಯಾವಾಗಲೂ ನಿಂತವರ ಹತ್ತಿರವೇ ಇರುತ್ತದೆ, ಕೂತವರ ಹತ್ತಿರ ಅಭಿಪ್ರಾಯ ಇರುತ್ತದೆ ಎಂಬುದು ಅವಳ ಲೆಕ್ಕಾಚಾರ.

ಅವಳ ಸಲಹೆಗಳೂ ಹಾಗೆಯೇ, ಕೇಳಿದವರಿಗೆ ಮೊದಲು ಚುರುಕ್ಕೆನ್ನುತ್ತಿದ್ದವು. ನೀವು ಜಾಹೀರಾತು ಕೊಡುವುದು ಗಿರಾಕಿಗೋಸ್ಕರ ಅಲ್ಲ, ನಿಮ್ಮ ಷಡ್ಡಕ ನೋಡಿ ಹೊಟ್ಟೆ ಉರಿದುಕೊಳ್ಳಲಿ ಅಂತ, ಎಂದು ಬೇಕರಿಯವರಿಗೆ ಮುಖದ ಮೇಲೇ ಹೇಳಿದ್ದಳು. ಅತ್ಯುತ್ತಮ ಗುಣಮಟ್ಟ, ನ್ಯಾಯವಾದ ಬೆಲೆ ಎಂದು ಬರೆಸಿಕೊಂಡು ಬಂದವರಿಗೆ, ಕಳಪೆ ಮಾಲು, ಅನ್ಯಾಯದ ಬೆಲೆ ಎಂದು ಯಾವ ಅಂಗಡಿಯವನಾದರೂ ಬೋರ್ಡು ಹಾಕಿದ್ದನ್ನು ನೋಡಿದ್ದೀರಾ ಎಂದು ಕೇಳುತ್ತಿದ್ದಳು. ನೀವೊಬ್ಬರೇ ಹೇಳಬಹುದಾದ ಮಾತು ಯಾವುದು, ಅದನ್ನು ಹುಡುಕಿಕೊಂಡು ಬನ್ನಿ, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದಳು. ಬೈಸಿಕೊಂಡವರು ಒಂದು ತಿಂಗಳು ಬಿಟ್ಟು ನಗುತ್ತ ಬರುತ್ತಿದ್ದರು.

ಊರವರೆಲ್ಲ ಹೀಗೆ ಹತ್ತಿ ಇಳಿಯುವ ಆ ಮೆಟ್ಟಿಲನ್ನು ಹತ್ತದೆ ಉಳಿದವನು ಒಬ್ಬನೇ, ಕೆಳಗಿನ ಮನೆಯಲ್ಲಿರುವ ಅವಳ ಸ್ವಂತ ಅಣ್ಣ. ಅಪ್ಪನಿಂದ ಬಂದ ಹಾಸಿಗೆ ಅಂಗಡಿ ಅವನದು. ತಂಗಿಯ ಹತ್ತಿರ ಯಾರು ಯಾರು ಬರುತ್ತಾರೆ, ಏಕೆ ಬರುತ್ತಾರೆ ಎಂದು ಅವನು ಕೇಳಿದವನೇ ಅಲ್ಲ. ಬಂದವರು ಚಪ್ಪಲಿಯನ್ನು ಮೆಟ್ಟಿಲ ಮೇಲೆ ಅಡ್ಡಾದಿಡ್ಡಿ ಬಿಡುತ್ತಾರೆ ಎಂಬುದೊಂದೇ ಅವನ ತಕರಾರು. ಅಂಗಡಿಯ ವಿಷಯಕ್ಕೆ ಅವಳು ಒಂದೆರಡು ಸಲ ಬಾಯಿ ಹಾಕಲು ನೋಡಿದ್ದಳು. ಅವನ ಉತ್ತರ ಸಿದ್ಧವಾಗಿತ್ತು.

"ನೀನು ಸೋಪಿನವಳು. ಸೋಪು ಬೇರೆ, ಹಾಸಿಗೆ ಬೇರೆ."

ಅಣ್ಣ ಕೆಟ್ಟವನಲ್ಲ. ಮನೆಯವರ ಬಾಯಿಂದ ಬಂದ ಮಾತು ಮಾತೇ ಅಲ್ಲ ಎನ್ನುವುದು ಅವನಿಗೆ ಹುಟ್ಟಿನಿಂದ ಬಂದ ಕಾಯಿಲೆ. ಹೆಂಡತಿ ಜ್ವರ ಎಂದರೆ ನಂಬುವುದಿಲ್ಲ, ಪಕ್ಕದ ಮನೆಯವರು ನಿಮ್ಮ ಹೆಂಡತಿಗೆ ಜ್ವರವಂತೆ ಎಂದರೆ ಓಡಿಬರುತ್ತಾನೆ. ಅತ್ತಿಗೆ ಇದನ್ನು ಎಂದೋ ಕಂಡುಕೊಂಡು, ತನಗೆ ಏನಾದರೂ ಬೇಕಿದ್ದರೆ ಮೊದಲು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು.

ಅಂಗಡಿಯ ಸ್ಥಿತಿ ಹೀಗಿತ್ತು. ಮುಂದೆ ಗಾಜಿನ ಎರಡು ಕಿಟಕಿ. ಒಳಗೆ ಹಾಸಿಗೆಗಳನ್ನೆಲ್ಲ ಗೋಡೆಗೆ ನೆಟ್ಟಗೆ ನಿಲ್ಲಿಸಿ, ಒಂದೊಂದಕ್ಕೂ ದಪ್ಪ ಪ್ಲಾಸ್ಟಿಕ್ ಸುತ್ತಿ, ಮೇಲೆ "ಮುಟ್ಟಬೇಡಿ" ಎಂಬ ಚೀಟಿ. ಮಾರುವ ಮಾಲು ಹೊಸದಾಗಿಯೇ ಇರಬೇಕು ಎಂದು ಅಪ್ಪ ಹೇಳಿದ್ದರಂತೆ. ಮಲಗಿದರೆ ಹೇಗಿರುತ್ತೆ ಎಂದು ಗಿರಾಕಿ ಕೇಳಿದರೆ, ತಗೊಂಡು ಹೋಗಿ ಮನೆಯಲ್ಲಿ ಮಲಗಿ ನೋಡಿ ಎನ್ನುತ್ತಿದ್ದ ಅಣ್ಣ. ಗಿರಾಕಿ ಆಯ್ತು ಎಂದು ಹೊರಗೆ ಬಂದು, ಎದುರುಗಡೆ ಹೊಸದಾಗಿ ತೆರೆದಿದ್ದ ಪೀಠೋಪಕರಣಗಳ ದೊಡ್ಡ ಮಳಿಗೆಗೆ ಹೋಗಿ, ಅಲ್ಲಿ ಹಾಸಿಗೆಯ ಮೇಲೆ ಬೇಕಾದಷ್ಟು ಹೊತ್ತು ಹೊರಳಾಡಿ, ಅಲ್ಲೇ ಕೊಂಡುಕೊಳ್ಳುತ್ತಿದ್ದ.

ಅಣ್ಣ ಜಾಹೀರಾತು ಕೊಡುತ್ತಿರಲಿಲ್ಲ ಎಂದಲ್ಲ. ವರ್ಷಕ್ಕೊಂದು ಸಲ ಪೇಪರಿನಲ್ಲಿ ಅರ್ಧ ಪುಟದ್ದು ಕೊಡುತ್ತಿದ್ದ. ಅದರಲ್ಲಿ ನಡುವೆ ತೀರಿಹೋದ ಅಪ್ಪನ ದೊಡ್ಡ ಫೋಟೊ, ಸುತ್ತ ಅವನದು, ಅತ್ತಿಗೆಯದು, ಸೋದರಮಾವಂದಿರದು, ಬೀಗರದು. ಯಾರನ್ನು ಬಿಟ್ಟರೂ ಮುನಿಸು, ಹಾಗಾಗಿ ಎಲ್ಲರೂ ಇದ್ದರು, ಹಾಸಿಗೆ ಮಾತ್ರ ಇರಲಿಲ್ಲ. ಗಂಭೀರವಾಗಿ ಕಾಣಲಿ ಎಂದು ಈ ಸಲ ಕಪ್ಪು ಅಂಚು ಬೇರೆ ಹಾಕಿಸಿದ್ದ. ಜಾಹೀರಾತು ಬಂದ ದಿನ ದೂರದ ನೆಂಟರೊಬ್ಬರು ಹಣ್ಣಿನ ಚೀಲ ಹಿಡಿದು, ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದರು. ಫೋಟೊದಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಎದುರಿಗೆ ಓಡಾಡುವುದನ್ನು ಕಂಡು, ಹೋದವರು ಯಾರು ಎಂದು ಕೇಳಲೂ ಆಗದೆ, ಹಣ್ಣು ಕೊಟ್ಟು ಹೊರಟುಹೋದರು. ಕತ್ತರಿಯಕ್ಕ ಮಹಡಿಗೆ ಹೋಗಿ ದಿಂಬಿಗೆ ಮುಖ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಆ ನಗು ಬಹಳ ದಿನ ಉಳಿಯಲಿಲ್ಲ. ಒಂದು ಸಂಜೆ ಅಣ್ಣನ ಮಗಳು ಮೇಲೆ ಬಂದಳು. ಮೂವತ್ತು ದಾಟಿದ್ದರೂ ಮನೆಯಲ್ಲಿ ಅವಳು ಇನ್ನೂ ಪಾಪು. ಅಂಗಡಿಯ ಹಿಂದಿನ ಕೋಣೆಯಲ್ಲಿ ಹತ್ತಿ ಬಿಡಿಸಿ, ತುಂಬಿ, ಮೊಳದುದ್ದದ ಸೂಜಿಯಿಂದ ಹಾಸಿಗೆ ಹೊಲಿಯುವವಳು ಅವಳೇ. ಹುಬ್ಬಿನ ಮೇಲೆ, ಕಿವಿಯ ಹಿಂದೆ ಸದಾ ಹತ್ತಿಯ ಎಳೆ. ಬಂದವಳು ಇದ್ದ ಒಂದೇ ಕುರ್ಚಿಯಲ್ಲಿ ಕೂರದೆ ಗೋಡೆಗೆ ಒರಗಿ ನಿಂತಳು. ಎದುರು ಮಳಿಗೆಯವರಿಗೆ ಉಗ್ರಾಣ ಬೇಕಂತೆ, ಅಪ್ಪ ಅಂಗಡಿಯನ್ನು ಬಾಡಿಗೆಗೆ ಕೊಡುವ ಮಾತಾಡುತ್ತಿದ್ದಾರೆ, ತಿಂಗಳ ಕೊನೆಗೆ ಉತ್ತರ ಹೇಳಬೇಕಂತೆ ಎಂದಳು.

"ನಿನ್ನನ್ನ ಕೇಳಿದ್ನಾ?" ಎಂದಳು ಕತ್ತರಿಯಕ್ಕ.

"ನನ್ನನ್ನ ಯಾಕೆ ಕೇಳ್ತಾರೆ ಅತ್ತೆ. ನಾನು ಮನೆಯವಳು."

ಕತ್ತರಿಯಕ್ಕನಿಗೆ ಮೈಯೆಲ್ಲ ಉರಿಯಿತು. ತನ್ನ ಕಾಲಕ್ಕೂ ಇದೇ ಆಗಿತ್ತು. ಅಂಗಡಿಯ ಮೇಲೆ ತನಗೂ ಆಸೆ ಇತ್ತು, ಯಾರೂ ಕೇಳಲಿಲ್ಲ, ಟೈಪಿಂಗ್ ಕಲಿತು ಹೊರಟುಹೋದಳು. ತನಗೇನೋ ಹೋಗಲು ಒಂದು ದಾರಿ ಇತ್ತು. ಈ ಹುಡುಗಿಯ ಕೈಯಲ್ಲಿರುವುದು ಹಾಸಿಗೆಯ ಸೂಜಿ, ಬೇರೆ ಎಲ್ಲೂ ಅದಕ್ಕೆ ಕೆಲಸವಿಲ್ಲ. ಅಂಗಡಿ ಹೋದರೆ ಅವಳ ಬದುಕೇ ಹೋದ ಹಾಗೆ.

ಇದನ್ನೆಲ್ಲ ಅಣ್ಣನಿಗೆ ಹೇಳಿ ಏನು ಪ್ರಯೋಜನ? ತಂಗಿ ಹೇಳಿದರೆ ಸೋಪು, ಮಗಳು ಹೇಳಿದರೆ ಪಾಪು. ಹೊರಗಿನವರು ಹೇಳಬೇಕು. ಕತ್ತರಿಯಕ್ಕ ಎದ್ದು ಕೊಕ್ಕರೆಗೆ ಫೋನು ಮಾಡಿದಳು.

ಕೊಕ್ಕರೆ ಎಂದರೆ ಅವಳ ಕಂಪನಿಯಲ್ಲಿ ಚಿತ್ರ ಬರೆಯುತ್ತಿದ್ದ ಉದ್ದನೆಯ ಮನುಷ್ಯ. ಉದ್ದ ಕತ್ತು, ಉದ್ದ ಮೂಗು, ಹುಟ್ಟಿದಾಗಿನಿಂದ ಯಾರೋ ಏನೋ ಕಸಿದುಕೊಂಡಂಥ ಮುಖ. ಮಾತು ಕಡಿಮೆ. ಈಗ ನಿವೃತ್ತನಾಗಿ ಬೆನ್ನುನೋವು ಸಾಕಿಕೊಂಡಿದ್ದ. ಸಲಹೆಗಾರನ ವೇಷ ಹಾಕು ಎಂದಾಗ, ನನಗೆ ಸಲಹೆ ಕೊಡಲು ಬರುವುದಿಲ್ಲ ಎಂದ. ಬರದೆ ಇರುವುದೇ ಒಳ್ಳೆಯದು, ನಾನು ಹೇಳಿಕೊಟ್ಟಷ್ಟು ಹೇಳು, ಮಿಕ್ಕ ಹೊತ್ತು ನಿಟ್ಟುಸಿರು ಬಿಡು ಎಂದಳು. ಸಂಭಾವನೆ ಮಾತ್ರ ಕೇಳಲೇಬೇಕು, ಪುಕ್ಕಟೆ ಸಲಹೆ ಅಣ್ಣನ ಕಿವಿಗೆ ಇಳಿಯುವುದಿಲ್ಲ ಎಂದಳು. ಬೆನ್ನಿಗೆ ಒಂದು ಒಳ್ಳೆಯ ಹಾಸಿಗೆ ಸಿಕ್ಕರೆ ಸಾಕು ಎಂದು ಕೊಕ್ಕರೆ ಒಪ್ಪಿದ.

ಮೊದಲ ದಿನ ಅವನು ಕೋಟು ತೊಟ್ಟು ಅಂಗಡಿಯ ಒಳಗೆ ಹೋದ. ಒಂದು ಸುತ್ತು ನೋಡಿದ, ತಲೆ ಅಲ್ಲಾಡಿಸಿದ, ಒಂದು ದೊಡ್ಡ ನಿಟ್ಟುಸಿರು ಬಿಟ್ಟು ಹೊರಗೆ ಬಂದ. ಎರಡು ದಿನ ಬಿಟ್ಟು ಮತ್ತೆ ಹೋಗಿ ಅದನ್ನೇ ಮಾಡಿದ. ಮೂರನೆಯ ಸಲ ಅವನು ಹೊರಟಾಗ ಅಣ್ಣ ಮಂಡಿನೋವನ್ನೂ ಮರೆತು ಬೀದಿಗೆ ಬಂದು ಅಡ್ಡ ಹಾಕಿದ. ಯಾರು ಸ್ವಾಮಿ ನೀವು, ಏನು ನಿಮ್ಮ ಸಂಕಟ ಎಂದು ಕೇಳಿದ. ತಾನು ವ್ಯಾಪಾರದ ಸಲಹೆಗಾರ, ದೂರದಿಂದ ಬಂದವನು, ಎಲ್ಲರಿಗೂ ಸಲಹೆ ಕೊಡುವುದಿಲ್ಲ, ಇಂಥ ಒಳ್ಳೆಯ ಅಂಗಡಿ ಹೀಗಾಗಿರುವುದನ್ನು ನೋಡಿ ಸಂಕಟವಾಯಿತು ಎಂದು ಕತ್ತರಿಯಕ್ಕ ಹೇಳಿಕೊಟ್ಟದ್ದನ್ನು ಕೊಕ್ಕರೆ ಒಪ್ಪಿಸಿದ. ಅಣ್ಣ ಅವನ ಕೈ ಹಿಡಿದು ಒಳಗೆ ಕರೆದೊಯ್ದ, ಕುರ್ಚಿ ಒರೆಸಿ ಕೂರಿಸಿದ.

ಅಂದು ಊಟಕ್ಕೆ ಕೂತಾಗ ಅಣ್ಣನ ಮುಖದಲ್ಲಿ ಹೊಸ ಕಳೆ. ಗಿರಾಕಿಗೆ ನಿಮ್ಮ ವಂಶ ಬೇಡ, ಅವನ ಬೆನ್ನು ಮುಖ್ಯ ಎಂಬ ಮಾತನ್ನು ಕತ್ತರಿಯಕ್ಕ ಬೆಳಿಗ್ಗೆಯಷ್ಟೇ ಕೊಕ್ಕರೆಗೆ ಬಾಯಿಪಾಠ ಮಾಡಿಸಿದ್ದಳು. ಆ ಮಾತು ಸಂಜೆಯ ಹೊತ್ತಿಗೆ ಮೈ ತುಂಬಿಕೊಂಡು ಅಣ್ಣನ ಬಾಯಲ್ಲಿ ಬಂತು. ಈ ಗಿರಾಕಿ ಎನ್ನುವವನು ಇದ್ದಾನಲ್ಲ, ಅವನಿಗೂ ನಮ್ಮ ಹಾಗೇ ಒಂದು ಬೆನ್ನು ಅಂತ ಇರುತ್ತದೆ, ವಂಶ ಎನ್ನುವುದು ಎಷ್ಟೇ ದೊಡ್ಡದಿರಲಿ ಅದರ ಮೇಲೆ ಮಲಗಲು ಆಗುವುದಿಲ್ಲ, ಮತ್ತು ಬೆನ್ನು ಎನ್ನುವುದು ಮನುಷ್ಯನ ಹಿಂದುಗಡೆ ಇರುವುದರಿಂದ ಅದನ್ನು ನಾವು ಮರೆಯುವ ಸಂಭವ ಹೆಚ್ಚು, ಎಂದು ಅಣ್ಣ ಕೈ ತೊಳೆಯುವವರೆಗೂ ವಿವರಿಸಿದ. ಜನ್ಮವಿಡೀ ಬೇರೆಯವರ ಮಾತು ಕತ್ತರಿಸಿದ ತಪ್ಪಿಗೆ ಈಗ ತನ್ನ ಮಾತೇ ಕಣ್ಣೆದುರು ಹೀಗೆ ಊದಿಕೊಳ್ಳುವುದನ್ನು ಅವಳು ತುಟಿಪಿಟಕ್ಕೆನ್ನದೆ ಕೇಳಬೇಕಾಯಿತು. ಪಾಪು ತಟ್ಟೆಯಿಂದ ತಲೆ ಎತ್ತಲೇ ಇಲ್ಲ, ಭುಜ ಮಾತ್ರ ಕುಲುಕುತ್ತಿತ್ತು.

"ನಿನಗಿದೆಲ್ಲ ಅರ್ಥ ಆಗಲ್ಲ ಬಿಡು," ಎಂದ ಅಣ್ಣ ತಂಗಿಗೆ. "ಇದು ಬೇರೇನೇ ವಿದ್ಯೆ."

ಕತ್ತರಿಯಕ್ಕ ಹೌದು ಎಂದಳು.

ಆ ವಾರ ಪ್ಲಾಸ್ಟಿಕ್ ಇಳಿಯಿತು. "ಮುಟ್ಟಬೇಡಿ" ಚೀಟಿಗಳನ್ನು ಅಣ್ಣ ತಾನೇ ಹಲ್ಲು ಕಚ್ಚಿಕೊಂಡು ಕಿತ್ತ. ಎರಡು ಹಾಸಿಗೆಗಳನ್ನು ಮಂಚದ ಮೇಲೆ ಹಾಕಿ, ಕಿಟಕಿಯ ಹತ್ತಿರ ಇಟ್ಟ. ಗಿರಾಕಿಗಳು ಬಂದು ಮಲಗುವಾಗ ಅವನ ಪ್ರಾಣ ಹೋಗಿ ಬಂದಂತಾಗುತ್ತಿತ್ತು. ಒಬ್ಬರು ಅಜ್ಜಿ ಅರ್ಧ ಗಂಟೆ ಗೊರಕೆ ಹೊಡೆದು, ಎದ್ದು, ಎರಡು ಹಾಸಿಗೆ ಕೊಂಡರು. ಆಮೇಲೆ ಅವನು ಗಿರಾಕಿ ಮಲಗಿದ ತಕ್ಷಣ ತಾನೇ ಪರದೆ ಎಳೆಯಲು ಶುರುಮಾಡಿದ.

ಆದರೆ ನಿಜವಾದ ಬಂಡವಾಳ ಬೇರೆ ಇತ್ತು, ಅದು ಆ ಮನೆಯವರಿಗೆ ಮಾತ್ರ ಕಾಣುತ್ತಿರಲಿಲ್ಲ. ಅಪ್ಪನ ಕಾಲದಿಂದ ಆ ಅಂಗಡಿಯದೊಂದು ಪದ್ಧತಿ. ಹಾಸಿಗೆ ಮಾರಿದ ಮೇಲೆ ಆರು ತಿಂಗಳಿಗೊಮ್ಮೆ ಅಂಗಡಿಯವರೇ ಗಿರಾಕಿಯ ಮನೆಗೆ ಹೋಗಿ, ಹಾಸಿಗೆಯನ್ನು ಬಡಿದು, ಸಡಿಲವಾದ ಹೊಲಿಗೆ ಬಿಗಿದು, ಮಗ್ಗುಲು ಬದಲಿಸಿ ಹಾಕಿ ಬರುವುದು. ಹಾಸಿಗೆ ಬಾಳುವಷ್ಟು ವರ್ಷ ಇದು ನಡೆಯಬೇಕು. ಮೊದಲು ಅಪ್ಪ ಹೋಗುತ್ತಿದ್ದರು, ಆಮೇಲೆ ಅಣ್ಣ, ಅವನ ಮಂಡಿ ಹೋದ ಮೇಲೆ ಪಾಪು. ಇದನ್ನು ಅಣ್ಣ ಯಾವ ಜಾಹೀರಾತಿನಲ್ಲೂ ಹೇಳಿರಲಿಲ್ಲ. ಹೇಳಿಕೊಳ್ಳುವುದು ಏನಿದೆ, ಅದು ಕೆಲಸ ತಾನೆ ಎನ್ನುತ್ತಿದ್ದ. ಮೇಲಾಗಿ, ಇವರ ಹಾಸಿಗೆ ಅಷ್ಟು ಬೇಗ ಕೆಡುತ್ತದೋ ಏನೋ ಎಂದು ಜನ ತಿಳಿದಾರು ಎಂಬ ಭಯ.

ಕತ್ತರಿಯಕ್ಕ ಮಹಡಿಯಲ್ಲಿ ಕೂತು ಹೊಸ ಜಾಹೀರಾತು ಬರೆದಳು. ನಾವು ಮಾರಿದ ಹಾಸಿಗೆಯನ್ನು ಆರು ತಿಂಗಳಿಗೊಮ್ಮೆ ನಿಮ್ಮ ಮನೆಗೇ ಬಂದು ತಿರುವಿ ಹಾಕುತ್ತೇವೆ. ಅಷ್ಟೇ. ಹೆಗಲ ಮೇಲಿಂದ ಓದುತ್ತಿದ್ದ ಪಾಪು ಪೆನ್ನು ತೆಗೆದುಕೊಂಡು ಕೆಳಗೆ ಇನ್ನೊಂದು ಸಾಲು ಬರೆದಳು. "ಚಹಾ ಮಾಡಬೇಕಾಗಿಲ್ಲ." ಇದೇನಿದು ಎಂದು ಕೇಳಿದ್ದಕ್ಕೆ, ಜನ ನಮ್ಮನ್ನು ಮುಂದಿನ ವಾರ ಬನ್ನಿ ಎಂದು ತಳ್ಳುವುದು ಹಾಸಿಗೆಯ ಚಿಂತೆಗಲ್ಲ ಅತ್ತೆ, ಮನೆಗೆ ಬಂದವರಿಗೆ ಏನಾದರೂ ಕೊಡಬೇಕಲ್ಲ ಎಂಬ ಚಿಂತೆಗೆ ಎಂದಳು. ಕತ್ತರಿಯಕ್ಕ ಅಭ್ಯಾಸಬಲದಿಂದ ಆ ಸಾಲನ್ನು ಹೊಡೆದು ಹಾಕಲು ಪೆನ್ನು ಎತ್ತಿದಳು, ಮತ್ತೊಮ್ಮೆ ಓದಿದಳು, ಪೆನ್ನು ಕೆಳಗಿಟ್ಟಳು. ಇಷ್ಟು ವರ್ಷ ಈ ಕಸುಬು ಮಾಡಿದ ತನಗೆ ಅದು ಹೊಳೆದಿರಲಿಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಜಾಹೀರಾತು ಕೊಕ್ಕರೆಯ ಕೋಟಿನ ಜೇಬಿನಲ್ಲಿ ಕೂತು ಅಂಗಡಿಗೆ ಹೋಯಿತು. ಪೇಪರಿನಲ್ಲಿ ಅಂಗೈಯಷ್ಟು ಜಾಗದಲ್ಲಿ ಬಂತು. ಒಂದು ಫೋಟೊ ಇಲ್ಲ, ಕಪ್ಪು ಅಂಚಿಲ್ಲ. ಸೋದರಮಾವಂದಿರು ಮುಖ ಗಂಟಿಕ್ಕಿದರು. ಗಿರಾಕಿಗಳು ಬಂದರು. ಚಹಾ ಬೇಡ ಅಂದವರು ನೀವೇನಾ ಎಂದು ನಗುತ್ತಲೇ ಒಳಗೆ ಬರುತ್ತಿದ್ದರು. ಹಿಂದಿನ ಕೋಣೆಯಲ್ಲಿ ಪಾಪುವಿಗೆ ಕತ್ತು ತಿರುಗಿಸಲು ಪುರುಸೊತ್ತಿಲ್ಲ. ಅಣ್ಣ ರಾತ್ರಿ ಊಟಕ್ಕೆ ಕೂತರೆ ಸಲಹೆಗಾರರು, ಸಲಹೆಗಾರರು ಎಂದು ಒಂದೇ ಭಜನೆ. ಅವರು ನಿಲ್ಲು ಎಂದರೆ ನಿಲ್ಲುತ್ತೇನೆ, ಕೂರು ಎಂದರೆ ಕೂರುತ್ತೇನೆ ಎನ್ನುವಷ್ಟರ ಮಟ್ಟಿಗೆ ಹೋಗಿದ್ದ. ಕತ್ತರಿಯಕ್ಕ ಒಳಗೊಳಗೇ ಬೀಗುತ್ತಿದ್ದಳು. ಅಣ್ಣನ ಮೂಗಿಗೆ ಇಷ್ಟು ನಾಜೂಕಾಗಿ ದಾರ ಕಟ್ಟಿದ ತಂಗಿ ಬೇರೆ ಯಾರಿದ್ದಾರೆ ಎಂಬ ಜಂಬ.

ತಿಂಗಳು ಮುಗಿಯಲು ಒಂದು ದಿನ ಇದ್ದಾಗ, ಊಟದ ನಡುವೆ ಅಣ್ಣ ಹೇಳಿದ.

"ಸಲಹೆಗಾರರು ಇವತ್ತು ಒಂದು ಮಾತು ಹೇಳಿದ್ರು. ಅಂಗಡಿ ಕೊಟ್ಟುಬಿಡೋದೇ ಸರಿಯಂತೆ. ನಾಳೆ ಸಹಿ ಹಾಕ್ತೀನಿ."

ಪಾಪು ಅನ್ನ ಕಲಸುತ್ತಿದ್ದ ಕೈ ಹಾಗೇ ನಿಲ್ಲಿಸಿದಳು. ಕತ್ತರಿಯಕ್ಕ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು. ಇಂಥ ಮಾತನ್ನು ಅವಳು ಕೊಕ್ಕರೆಗೆ ಹೇಳಿಕೊಟ್ಟಿರಲಿಲ್ಲ. ವ್ಯಾಪಾರ ಈಗ ಚೆನ್ನಾಗಿ ಆಗುತ್ತಿದೆಯಲ್ಲ, ಇನ್ನೊಮ್ಮೆ ಯೋಚನೆ ಮಾಡು ಎಂದು ಅತ್ತಿಗೆ ಹೇಳಿದ್ದು ಯಥಾಪ್ರಕಾರ ಅವನಿಗೆ ಕೇಳಿಸಲಿಲ್ಲ. ಅವರು ಹೇಳಿದ್ದು ಇಲ್ಲಿಯವರೆಗೆ ಯಾವುದು ತಪ್ಪಾಗಿದೆ ಹೇಳಿ ಎಂದು ಅಣ್ಣ ಎಲ್ಲರನ್ನೂ ಕೇಳಿದ.

ಊಟ ಅರ್ಧಕ್ಕೇ ಬಿಟ್ಟು ಕತ್ತರಿಯಕ್ಕ ಮಹಡಿಗೆ ಹೋಗಿ ಕೊಕ್ಕರೆಗೆ ಫೋನು ಮಾಡಿ ಬಾಯಿಗೆ ಬಂದದ್ದೆಲ್ಲ ಬೈದಳು. ಕೊಕ್ಕರೆ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ತನ್ನ ನಿಧಾನದ ದನಿಯಲ್ಲಿ ನಡೆದದ್ದು ಹೇಳಿದ. ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಅಣ್ಣ ಅವನ ಹತ್ತಿರ ಕಷ್ಟಸುಖ ತೋಡಿಕೊಂಡನಂತೆ. ಮಂಡಿ ಮಡಚಲು ಆಗುವುದಿಲ್ಲ, ಗಿರಾಕಿ ಹೆಚ್ಚಾದಷ್ಟೂ ಹೆದರಿಕೆ, ಬೆಳಿಗ್ಗೆ ಬಾಗಿಲು ಎತ್ತುವಾಗ ಇವತ್ತೊಂದು ದಿನ ಕಳೆದರೆ ಸಾಕು ಅನ್ನಿಸುತ್ತದೆ, ಇದನ್ನು ಮನೆಯಲ್ಲಿ ಹೇಳಲು ನಾಚಿಕೆ ಎಂದನಂತೆ. ಕೊಕ್ಕರೆಗೆ ಪಾಪ ಎನ್ನಿಸಿತು. ಹಾಗಾದರೆ ಕೊಟ್ಟುಬಿಡಿ, ಮನೆಯಲ್ಲಿ ಹಾಯಾಗಿರಿ ಎಂದುಬಿಟ್ಟ.

"ನೀನು ಹೇಳಿಕೊಟ್ಟಿದ್ದೆಲ್ಲ ನಾಟಕ," ಎಂದ ಕೊಕ್ಕರೆ. "ಇದೊಂದು ಮಾತ್ರ ನಾನು ಮನಸಿಂದ ಹೇಳಿದ್ದು. ಹೇಗೆ ವಾಪಸ್ ತಗೊಳ್ಳಲಿ?"

ಕತ್ತರಿಯಕ್ಕ ಫೋನು ಇಟ್ಟು ಕೂತಳು. ಅಣ್ಣನಿಗೆ ಅಷ್ಟು ಸುಸ್ತಾಗಿದೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಒಂದೇ ಪಾತ್ರೆಯ ಅನ್ನ ತಿನ್ನುತ್ತ ತಾನೂ ಕೇಳಿರಲಿಲ್ಲ. ಗಿರಾಕಿಯ ಬೆನ್ನಿನ ಬಗ್ಗೆ ಅಷ್ಟು ಯೋಚಿಸಿದವಳಿಗೆ ಅಣ್ಣನ ಮಂಡಿ ಕಂಡಿರಲಿಲ್ಲ ಎಂದು ನಾಚಿಕೆಯಾಯಿತು. ಆದರೆ ನಾಚಿಕೆಯಿಂದ ಅಂಗಡಿ ಉಳಿಯುವುದಿಲ್ಲ. ತಾನೇ ಕಟ್ಟಿದ ಬಲೆಯನ್ನು ತಾನೇ ಬಿಚ್ಚಬೇಕು, ಬಿಚ್ಚಿದರೆ ಅಣ್ಣ ಇನ್ನು ಜನ್ಮದಲ್ಲಿ ತನ್ನ ಮುಖ ನೋಡುವುದಿಲ್ಲ. ಹೊರಗಿನವರೆದುರು ಬಾಯಿಬಿಟ್ಟು ಹೇಳಿಕೊಂಡ ಸಂಕಟವೆಲ್ಲ ತಂಗಿಯ ಕಿವಿಗೆ ಬಂತು ಎಂದರೆ ಯಾವ ಅಣ್ಣ ತಡೆದುಕೊಂಡಾನು?

ಬೆಳಿಗ್ಗೆ ಅವಳು ಅಂಗಡಿಗೆ ಹೋದಾಗ ಅಣ್ಣ ಮೇಜಿನ ಹಿಂದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ. ಎದುರು ಮಳಿಗೆಯ ಮ್ಯಾನೇಜರು ಇನ್ನೇನು ಬರಬೇಕು. ಒಳಗಿನ ಕೋಣೆಯ ಬಾಗಿಲಲ್ಲಿ ಪಾಪು, ಸೂಜಿ ಕೈಯಲ್ಲೇ ಇತ್ತು. ಕತ್ತರಿಯಕ್ಕ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು. ಸಲಹೆಗಾರ ಸಲಹೆಗಾರನಲ್ಲ, ತನ್ನ ಕಂಪನಿಯಲ್ಲಿ ಚಿತ್ರ ಬರೆಯುತ್ತಿದ್ದವನು, ತಾನೇ ಕಳಿಸಿದ್ದು, ತಾನೇ ಮಾತು ಕಲಿಸಿದ್ದು. ಏನೂ ಬಿಡದೆ ಹೇಳಿದಳು. ಅವಳ ಜೀವನದಲ್ಲೇ ಅಷ್ಟು ಉದ್ದದ ಮಾತು ಅವಳು ಆಡಿರಲಿಲ್ಲ.

ಅಣ್ಣನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ಮೇಜಿನ ಮೇಲಿನ ಪೆನ್ನನ್ನು ಎತ್ತಿ ಇತ್ತ ಇಟ್ಟ, ಅತ್ತ ಇಟ್ಟ. ಬೈಯುತ್ತಾನೆ ಎಂದು ಅವಳು ಕಾದಳು. ಅವನು ಬೈಯಲಿಲ್ಲ, ಮೊಕದ್ದಮೆ ವಿಚಾರಣೆ ಮಾಡುವವನ ಹಾಗೆ ಕೇಳಲು ಶುರುಮಾಡಿದ.

"ಪ್ಲಾಸ್ಟಿಕ್ ತೆಗಿ ಅಂದಿದ್ದು?"

"ನಾನು."

"ಫೋಟೊ ಬೇಡ ಅಂದಿದ್ದು?"

"ನಾನೇ."

"ತಿರುವಿ ಹಾಕೋದನ್ನ ಪೇಪರಿಗೆ ಹಾಕಿಸಿದ್ದು?"

"ಅದೂ ನಾನೇ."

"ಚಹಾ ಮಾಡಬೇಕಾಗಿಲ್ಲ ಅಂತ? ಅದೇ ಅಲ್ವಾ ಎಲ್ಲರೂ ಹೇಳಿಕೊಂಡು ಬರ್ತಿದ್ದಿದ್ದು."

"ಅದು ನಂದಲ್ಲ," ಎಂದಳು ಕತ್ತರಿಯಕ್ಕ. "ಅದು ಪಾಪು ಬರೆದಿದ್ದು. ನನಗೂ ಹೊಳೆದಿರಲಿಲ್ಲ."

ಅಣ್ಣ ತಿರುಗಿ ಮಗಳನ್ನು ನೋಡಿದ. ದಿನಾ ನೋಡುವ ಮಗಳು, ಆದರೂ ಹೊಸಬರನ್ನು ನೋಡುವ ಹಾಗೆ ನೋಡಿದ. ಅವಳು ಸೂಜಿಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡಳು.

"ಅಂಗಡಿ ಕೊಟ್ಟುಬಿಡು ಅಂದಿದ್ದು?"

"ಅದೊಂದು ಮಾತ್ರ ಕೊಕ್ಕರೆ. ನಿನ್ನ ಕಷ್ಟ ಕೇಳಿ ಅವನಿಗೆ ಮನಸ್ಸು ತಡೀಲಿಲ್ಲವಂತೆ." ಅವಳ ದನಿ ಒಡೆಯಿತು. "ಅವನು ಹೇಳಿದ್ದೂ ಪೂರ್ತಿ ಸುಳ್ಳಲ್ಲ ಅಣ್ಣ. ಆದರೆ ಸುಸ್ತಾಗಿರೋದು ನಿನಗೆ, ಅಂಗಡಿಗಲ್ಲ."

ಅಣ್ಣ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ಆಮೇಲೆ ತನ್ನಷ್ಟಕ್ಕೆ ಹೇಳಿಕೊಳ್ಳುವವನಂತೆ ಅಂದ, "ಹಾಗಾದ್ರೆ ಹೊರಗಿನವರು ಹೇಳಿದ್ದು ಅಂತ ಇದ್ದಿದ್ದು ಮುಚ್ಚು ಅನ್ನೋದೊಂದೇ."

ಅಷ್ಟು ಹೊತ್ತಿಗೆ ಮಳಿಗೆಯ ಮ್ಯಾನೇಜರು ಕಾಗದ ಹಿಡಿದು, ನಗುಮುಖ ಮಾಡಿಕೊಂಡು ಒಳಗೆ ಬಂದ. ಅಣ್ಣ ಎದ್ದು ನಿಲ್ಲಲು ಮೇಜು ಹಿಡಿದುಕೊಂಡ. ತಂಗಿ ಕೈ ಚಾಚಿದಳು, ಅವನು ಆ ಕೈಯನ್ನು ಹಿಡಿದುಕೊಂಡೇ ಎದ್ದ.

"ಮಾತಾಡೋದಿದ್ರೆ ಅವಳ ಹತ್ರ ಮಾತಾಡಿ," ಎಂದು ಒಳಬಾಗಿಲ ಕಡೆ ತೋರಿಸಿದ. "ಅಂಗಡಿ ಇನ್ನು ನೋಡ್ಕೊಳ್ಳೋದು ನನ್ನ ಮಗಳು."

ಮ್ಯಾನೇಜರು ಅವಳ ಕಡೆ ತಿರುಗಿದ. ಪಾಪು ಬೆನ್ನ ಹಿಂದಿನ ಸೂಜಿಯನ್ನು ಮುಂದಕ್ಕೆ ತಂದಳು. ಕೊಡುವುದಿಲ್ಲ, ನಮಸ್ಕಾರ ಎಂದಷ್ಟೇ ಹೇಳಿದಳು. ಅವನು ನಕ್ಕ ಮುಖವನ್ನು ಎಲ್ಲಿಡಬೇಕೋ ತಿಳಿಯದೆ ಕಾಗದ ಮಡಚಿಕೊಂಡು ಹೊರಟುಹೋದ. ಕತ್ತರಿಯಕ್ಕನಿಗೆ ಸಂತೋಷದಿಂದ ಕಣ್ಣು ತುಂಬಿ ಬಂದವು. ಆ ಸಂತೋಷದ ಒಳಗೆ, ಅಪ್ಪ ಇಂಥದೊಂದು ಮಾತನ್ನು ತನ್ನ ಬಗ್ಗೆ ಒಮ್ಮೆ ಆಡಿದ್ದರೆ ಎಂಬ ಹಳೆಯ ನೋವೂ ಇತ್ತು, ಅವಳು ಅದನ್ನು ಮುಚ್ಚಿಡಲಿಲ್ಲ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಪಾಪು ಮುಂದೆ ಬಂದು ಮೇಜಿನ ಹಿಂದೆ ಕೂತಳು. ಅಣ್ಣ ಖಾಲಿ ಕೈಯಲ್ಲಿ ಅಂಗಡಿಯ ನಡುವೆ ನಿಂತ. ಎಲ್ಲಿ ನಿಲ್ಲಬೇಕು, ಕೈ ಎಲ್ಲಿ ಇಟ್ಟುಕೊಳ್ಳಬೇಕು ಒಂದೂ ತಿಳಿಯುತ್ತಿರಲಿಲ್ಲ. ಗೋಡೆ ನೋಡಿದ, ಕಿಟಕಿ ನೋಡಿದ, ಕೊನೆಗೆ ತಂಗಿಯ ಮುಖ ನೋಡಿದ.

"ಈಗ ನಾನೇನು ಮಾಡ್ಲಿ?" ಎಂದು ಕೇಳಿದ.

"ಮನೆಗೆ ಹೋಗಿ ಮಲಗು."

ಅಣ್ಣ ಎದುರು ಮಾತಾಡಲಿಲ್ಲ. ಚಪ್ಪಲಿ ಮೆಟ್ಟಿ, ಮನೆಗೆ ಹೋಗಿ ಮಲಗಿದ.